ನೆಲಮಾಳಿಗೆಯ ಕೊಳಚೆ ಪಂಪು: ಹನ್ನೊಂದು ದಿನಗಳ ದಾಖಲೆ

ರಾಜರಾಜೇಶ್ವರಿ ನಗರದ ಇಳಿಜಾರಿನಲ್ಲಿರುವ ನಮ್ಮ ಮನೆಯ ನೆಲಮಾಳಿಗೆಯು ರಸ್ತೆಯ ಒಳಚರಂಡಿಗಿಂತ ತಗ್ಗಿನಲ್ಲಿರುವುದರಿಂದ, ಅಲ್ಲಿನ ಶೌಚಾಲಯದ ಮತ್ತು ಬಟ್ಟೆ ಒಗೆಯುವ ಜಾಗದ ನೀರೆಲ್ಲ ಒಂದು ಗುಂಡಿಯಲ್ಲಿ ಸೇರಿ, 1 ಎಚ್‌ಪಿ ಸಬ್‌ಮರ್ಸಿಬಲ್ ಪಂಪಿನ ಮೂಲಕ ಮೇಲಿನ ಮ್ಯಾನ್‌ಹೋಲಿಗೆ ಏರಬೇಕು. (ಸಂಪ್ ಎಂದರೆ ನಮ್ಮೂರಿನಲ್ಲಿ ಕುಡಿಯುವ ನೀರಿನದು, ಆದ್ದರಿಂದ ಇದನ್ನು ಗುಂಡಿ ಎಂದೇ ಕರೆಯುತ್ತೇನೆ.) ಒಂದು ತಿಂಗಳಿಂದ ಈ ಪಂಪು ಮನಸ್ಸು ಬಂದರೆ ಓಡುತ್ತಿತ್ತು, ಇಲ್ಲದಿದ್ದರೆ ಸುಮ್ಮನಿರುತ್ತಿತ್ತು. ಮೆಕ್ಯಾನಿಕ್ ಬಂದಾಗಲೆಲ್ಲ ಸರಿಯಾಗಿ ಓಡಿ ನನ್ನನ್ನು ಸುಳ್ಳುಗಾರನನ್ನಾಗಿ ಮಾಡುತ್ತಿದ್ದುದರಿಂದ, ಕೊನೆಗೆ ನಾನೇ ನೋಟ್‌ಬುಕ್ ಹಿಡಿದು ಕುಳಿತೆ.

ಮೊದಲ ದಿನ: ಪ್ಯಾನೆಲ್ಲಿನ ಸ್ವಿಚ್ಚನ್ನು ಆಟೋದಿಂದ ಮ್ಯಾನುಯಲ್‌ಗೆ ತಿರುಗಿಸಿದೊಡನೆ ಪಂಪು ಓಡಿತು. ಮೋಟಾರು ಸರಿಯಿದೆ, ನೀರಿನ ಮಟ್ಟಕ್ಕೆ ತಕ್ಕಂತೆ ತೇಲಿ ಪಂಪನ್ನು ಓಡಿಸಿ ನಿಲ್ಲಿಸುವ ಫ್ಲೋಟ್ ಸ್ವಿಚ್ ಕೆಟ್ಟಿದೆ ಎಂದು ಬರೆದುಕೊಂಡೆ. ಆ ತೀರ್ಮಾನ ಅರ್ಧ ಮಾತ್ರ ಸರಿಯಾಗಿತ್ತು.

ಎರಡನೆಯ ದಿನ: ಟಾರ್ಚ್ ಬಿಟ್ಟು ನೋಡಿದರೆ ಫ್ಲೋಟಿನ ಕೇಬಲ್ ಅಗತ್ಯಕ್ಕಿಂತ ಉದ್ದವಾಗಿದ್ದು, ನೀರು ಏರಿದಾಗ ಫ್ಲೋಟು ಡೆಲಿವರಿ ಪೈಪಿನ ಬೆಂಡಿನ ಕೆಳಗೆ ಸಿಕ್ಕಿಕೊಳ್ಳುತ್ತಿತ್ತು. ಕೇಬಲನ್ನು ಗಿಡ್ಡ ಮಾಡಿ ಕಟ್ಟಿಸಿದೆ. ಮೂರು ದಿನ ನೆಮ್ಮದಿ.

ಆರನೆಯ ದಿನ: ಬೆಳಿಗ್ಗೆ ಗುಂಡಿ ಮತ್ತೆ ತುಂಬಿತ್ತು, ಪಂಪು ನಿಂತಿತ್ತು. ಈ ಸಲ ಯಾವ ಸ್ವಿಚ್ಚನ್ನೂ ಮುಟ್ಟದೆ ಮೊದಲು ಅಳೆದೆ. ಪ್ಯಾನೆಲ್ಲಿನಿಂದ ಪಂಪಿಗೆ ಹೋಗುವ ಟರ್ಮಿನಲ್ಲಿನಲ್ಲಿ 228 ವೋಲ್ಟ್ ಇತ್ತು, ಕ್ಲ್ಯಾಂಪ್ ಮೀಟರಿನಲ್ಲಿ ಕರೆಂಟು ಸೊನ್ನೆ. ಮೋಟಾರು ತಿರುಗತೊಡಗಲು ನೆರವಾಗುವ ಕೆಪಾಸಿಟರ್ ಹೋಗಿದ್ದರೆ ಅಥವಾ ನೀರನ್ನು ತಳ್ಳುವ ಚಕ್ರವಾದ ಇಂಪೆಲ್ಲರ್ ಪೂರ್ತಿ ಬಿಗಿದಿದ್ದರೆ ಮೋಟಾರು ತಿರುಗದೆ ಗುಂಯ್‌ಗುಡುತ್ತದೆ. ಇಲ್ಲಿ ಸದ್ದೇ ಇರಲಿಲ್ಲ. ನಲವತ್ತು ನಿಮಿಷದ ನಂತರ, ಯಾರೂ ಏನೂ ಮಾಡದೆ, ಅದು ತಾನಾಗಿ ಓಡತೊಡಗಿತು. ಆಗ ನೋಡಿದ ಕರೆಂಟು 9.4 ಆಂಪಿಯರ್, ಪಂಪಿನ ನೇಮ್‌ಪ್ಲೇಟಿನಲ್ಲಿರುವುದು 6.8.

ಇಷ್ಟು ದಿನದ ಒಗಟು ಬಿಡಿಸಿದ್ದು ಈ ಎರಡು ಅಂಕಿಗಳು. ಮೋಟಾರಿನ ಸುರುಳಿಯೊಳಗೆ ಒಂದು ಥರ್ಮಲ್ ಪ್ರೊಟೆಕ್ಟರ್ ಇರುತ್ತದೆ. ಸುರುಳಿ ಬಿಸಿಯಾದಾಗ ಅದು ಸಂಪರ್ಕ ಕಡಿದು, ತಣ್ಣಗಾದ ಮೇಲೆ ತಾನೇ ಕೂಡಿಸುತ್ತದೆ. ಮೆಕ್ಯಾನಿಕ್ ಬರುವಷ್ಟರಲ್ಲಿ ಮೋಟಾರು ತಣ್ಣಗಾಗಿರುತ್ತಿತ್ತು. ಪೈಪು ಕಟ್ಟಿಕೊಂಡಿದ್ದರೆ ಇಂಥ ಪಂಪಿನಲ್ಲಿ ನೀರು ಹೋಗದೆ ಕರೆಂಟು ಸಾಮಾನ್ಯವಾಗಿ ಇಳಿಯಬೇಕು. ಏರಿದೆಯೆಂದರೆ ಏನೋ ಇಂಪೆಲ್ಲರನ್ನು ಹಿಡಿದೆಳೆಯುತ್ತಿದೆ ಎಂದರ್ಥ. ಆದರೂ ಕರೆಂಟು ಮಿತಿ ಮೀರಿದರೆ ಪಂಪನ್ನು ನಿಲ್ಲಿಸಬೇಕಾದ ಪ್ಯಾನೆಲ್ಲಿನ ಓವರ್‌ಲೋಡ್ ರಿಲೇ ಏಕೆ ಬೀಳಲಿಲ್ಲ? ಮುಚ್ಚಳ ತೆಗೆದು ನೋಡಿದರೆ, ಪದೇ ಪದೇ ಟ್ರಿಪ್ ಆಗುವ ಕಿರಿಕಿರಿ ತಪ್ಪಿಸಲು ಹಿಂದೆ ಬಂದಿದ್ದ ಯಾರೋ ಅದರ ಡಯಲನ್ನು 12 ಆಂಪಿಯರಿಗೆ ತಿರುಗಿಸಿಟ್ಟಿದ್ದರು. ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದಲ್ಲಿ ಕ್ಷಮಿಸಲಾಗದ ಕೆಲಸ ಅದೊಂದೇ.

ಎಂಟನೆಯ ದಿನ: ಎಂಸಿಬಿ ಇಳಿಸಿ, ಪ್ಯಾನೆಲ್ಲಿಗೆ ಬೀಗ ಹಾಕಿ, ಭಾವಮೈದುನನ ನೆರವಿನಿಂದ ಪಂಪನ್ನು ಸರಪಳಿ ಹಿಡಿದು ಮೇಲೆತ್ತಿದೆವು. ಗುಂಡಿಯೊಳಗೆ ನಾವೂ ಇಳಿಯಲಿಲ್ಲ, ಯಾರನ್ನೂ ಇಳಿಸಲಿಲ್ಲ. ಅಲ್ಲಿ ಶೇಖರವಾಗುವ ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರವಾದುದು. ಪ್ರಮಾಣ ಹೆಚ್ಚಾದಾಗ ಮೂಗು ಅದರ ವಾಸನೆಯನ್ನು ಹಿಡಿಯುವುದನ್ನೇ ನಿಲ್ಲಿಸುತ್ತದೆ. ಒಳಚರಂಡಿ ಮತ್ತು ಮಲಗುಂಡಿಗೆ ರಕ್ಷಣೆಯಿಲ್ಲದೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಪಂಪಿನ ತಳದ ಜಾಲರಿ ಬಿಚ್ಚಿದಾಗ, ನೆಲ ಒರೆಸುವ ಮಾಪಿನ ದಾರಗಳೂ ಎರಡು ವೆಟ್ ವೈಪುಗಳೂ ಹಗ್ಗದಂತೆ ಹೊಸೆದುಕೊಂಡು ಶಾಫ್ಟಿಗೆ ಸುತ್ತಿದ್ದವು. ಪೊಟ್ಟಣದ ಮೇಲೆ ಏನೇ ಬರೆದಿರಲಿ, ವೈಪು ನೀರಿನಲ್ಲಿ ಕಾಗದದಂತೆ ಕರಗುವುದಿಲ್ಲ. ಕೆಪಾಸಿಟರನ್ನೂ ಪರೀಕ್ಷಿಸಿದೆ; 36 ಮೈಕ್ರೋಫ್ಯಾರಡಿನದು 35 ತೋರಿಸಿದ್ದರಿಂದ ಬದಲಾಯಿಸಲಿಲ್ಲ.

ಹನ್ನೊಂದನೆಯ ದಿನ: ಕರೆಂಟು 6.6 ಆಂಪಿಯರಿನಲ್ಲಿ ನಿಂತಿದೆ. ರಿಲೇಯ ಡಯಲನ್ನು 7ಕ್ಕೆ ಇಳಿಸಿದ್ದೇನೆ. ಗುಂಡಿ 1.2 ಮೀಟರ್ ಚೌಕದ್ದು, ಫ್ಲೋಟಿನ ಆನ್ ಮತ್ತು ಆಫ್ ಮಟ್ಟಗಳ ನಡುವೆ 40 ಸೆಂಟಿಮೀಟರ್ ಇರುವುದರಿಂದ ಒಂದು ಸಲಕ್ಕೆ ಸುಮಾರು 576 ಲೀಟರ್ ಹೊರಹೋಗಬೇಕು. ಮೊದಲು ಇದಕ್ಕೆ ಐದು ನಿಮಿಷ ಮೀರುತ್ತಿತ್ತು, ಈಗ 2 ನಿಮಿಷ 50 ಸೆಕೆಂಡು ಸಾಕು. ಶೌಚಾಲಯದಲ್ಲಿ ಮುಚ್ಚಳವಿರುವ ಕಸದ ಬುಟ್ಟಿಯೊಂದನ್ನು ಇಟ್ಟಿದ್ದೇವೆ. ನೀರು ಮಿತಿ ಮೀರಿದರೆ ಕೂಗುವ ಎರಡನೆಯ ಫ್ಲೋಟು ಮತ್ತು ಬಜರ್ ಇನ್ನೂ ಬಾಕಿ. ತಿಂಗಳಿಡೀ ಬಿಸಿಯಾದ ಸುರುಳಿಯ ಇನ್ಸುಲೇಷನ್ ಹೇಗಿದೆಯೆಂದು ಮೆಗ್ಗರ್ ತಂದು ನೋಡುವುದೂ ಉಳಿದಿದೆ, ಅದು ಭಾನುವಾರಕ್ಕೆ.