ಅಜ್ಜನ .315 ರೈಫಲ್: ಹೆಡ್‌ಸ್ಪೇಸ್ ಕೆಲಸ ಎಲ್ಲಿಗೆ ಬಂತು

ಜೂನ್ 8, ಧಾರವಾಡ
ಹೋದ ತಿಂಗಳು ರೇಂಜಿನಲ್ಲಿ ಹಾರಿಸಿದ ಐದು ಖಾಲಿ ಕಾಡತೂಸುಗಳನ್ನು ಒರೆಸುವಾಗ ಎರಡರಲ್ಲಿ ತಳದಿಂದ 8 ಮಿ.ಮೀ. ಮೇಲೆ ಹೊಳೆಯುವ ಉಂಗುರ ಕಂಡಿತು. ತಂತಿಯ ತುದಿ ಬಗ್ಗಿಸಿ ಒಳಗೆ ಎಳೆದರೆ ಅದೇ ಜಾಗದಲ್ಲಿ ಸಣ್ಣ ಗಾಡಿ ತಗ್ಗಿಗಿಳಿದಂತೆ ತಡೆಯುತ್ತದೆ. ಹಿತ್ತಾಳೆ ಅಲ್ಲಿ ತೆಳುವಾಗಿದೆ. ಇನ್ನೂ ಜಗ್ಗಿದರೆ ತಳವೇ ಕಳಚಿ, ಬಿಸಿ ಅನಿಲ ಹಿಂದಕ್ಕೆ ನುಗ್ಗೀತು. ಅವತ್ತೇ ಬಂದೂಕಿಗೆ ಬೀಗ ಹಾಕಿದೆ.

ಅಜ್ಜ ಬೇಟೆಗೆಂದು ತೆಗೆದುಕೊಂಡಿದ್ದ ಬಂದೂಕಿದು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಕಾಡಿಗೆ ಹೋಗಲಿಲ್ಲ. ಲೈಸೆನ್ಸ್ ಈಗ ನನ್ನ ಹೆಸರಿನಲ್ಲಿದೆ, ಗುರಿ ಅಭ್ಯಾಸಕ್ಕಷ್ಟೇ. ಬ್ರಿಟಿಷರ ಕಾಲದಲ್ಲಿ .303 ಸೈನ್ಯದ ಅಳತೆಯೆಂದು ಜನಸಾಮಾನ್ಯರಿಗೆ ಕೊಡುತ್ತಿರಲಿಲ್ಲ; .315 ಇಲ್ಲಿ ಬೇರೂರಿದ್ದು ಹಾಗೆ.

ಜೂನ್ 15
ಈ ಕಾಡತೂಸಿನ ತಳಕ್ಕೆ ಅಂಚುಂಟು. ನಳಿಗೆಯ ಹಿಂಬದಿಗೆ ಆ ಅಂಚು ತಾಗಿ ನಿಲ್ಲುತ್ತದೆ. ಅಲ್ಲಿಂದ ಬೋಲ್ಟಿನ (ನಳಿಗೆಯ ಹಿಂಬದಿ ಮುಚ್ಚುವ ಕಂಬಿಯ) ಮುಖದವರೆಗಿನ ಅಂತರವೇ ಹೆಡ್‌ಸ್ಪೇಸ್. .30-06ನಂಥ ಅಂಚಿಲ್ಲದ್ದರಲ್ಲಿ ಕಾಡತೂಸಿನ ಭುಜದಿಂದ, ಅಂದರೆ ಕತ್ತಿನ ಕೆಳಗಿನ ಇಳಿಜಾರಿನಿಂದ, ಅಳೆಯಬೇಕು. ಜಾಗ ಹೆಚ್ಚಾದರೆ, ಹಾರಿಸಿದಾಗ ಕಾಡತೂಸಿನ ಮುಂಭಾಗ ಉಬ್ಬಿ ಚೇಂಬರಿಗೆ (ಕಾಡತೂಸು ಕೂರುವ ಗೂಡಿಗೆ) ಕಚ್ಚುತ್ತದೆ, ತಳ ಮಾತ್ರ ಹಿಂದೆ ಸರಿಯುತ್ತದೆ. ನಡುವಿನ ಹಿತ್ತಾಳೆ ಜಗ್ಗುತ್ತದೆ. ನನ್ನ ಉಂಗುರದ ಮೂಲ ಅದು.

.303ಗೆ 0.064 ಇಂಚಿನ ಗೋ ಗೇಜು, ಅಂದರೆ ಈ ಅಂತರ ಕನಿಷ್ಠವಾದರೂ ಇದೆಯೇ ಎಂದು ನೋಡುವ ಉಕ್ಕಿನ ತುಂಡು, ಸಿಗುತ್ತದೆ. ಅದನ್ನೇ ತರಿಸುವ ಮನಸ್ಸಾಗಿತ್ತು. ಆದರೆ ಕಾಡತೂಸೇ ಬೇರೆ, ಆ ಅಳತೆ ಇಲ್ಲಿ ಸಲ್ಲದು.

ಜೂನ್ 22, ಹುಬ್ಬಳ್ಳಿ
ಪರವಾನಗಿ ಇರುವ ಬಂದೂಕು ರಿಪೇರಿ ಅಂಗಡಿ. ಉಸ್ತಾದರು ಮೊದಲು ಬೋಲ್ಟಿನ ಸೂಜಿ, ಕೊಕ್ಕೆ ಎರಡನ್ನೂ ಬಿಚ್ಚಿಟ್ಟರು. ಮದ್ದು, ಕ್ಯಾಪ್ ಯಾವುದೂ ಇಲ್ಲದ ಡಮ್ಮಿಯ ತಳಕ್ಕೆ ಸೆಲ್ಲೋಟೇಪ್ ದುಂಡಗೆ ಕತ್ತರಿಸಿ ಅಂಟಿಸಿದರು. ಮೈಕ್ರೊಮೀಟರಿನಲ್ಲಿ ಒಂದು ಪದರ 0.05 ಮಿ.ಮೀ. ಬೋಲ್ಟಿನ ಹಿಡಿಯನ್ನು ಎರಡೇ ಬೆರಳಲ್ಲಿ ಇಳಿಸಬೇಕು, ಜೋರು ಮಾಡಿದರೆ ಟೇಪು ಅದುಮಿ ಲೆಕ್ಕ ತಪ್ಪುತ್ತದೆ. ಐದು ಪದರಕ್ಕೂ ಮುಚ್ಚಿತು! ಆರಕ್ಕೆ ತಡೆಯಿತು. ಅಂದರೆ ಕಾಲು ಮಿ.ಮೀ.ನಷ್ಟಾದರೂ ಹೆಚ್ಚುವರಿ ಜಾಗ.

"ಲಗ್ ಹಿಂದ ಅದಾವಲ್ರಿ ಇದರಾಗ, ಅದಕ್ಕ ಪ್ರತಿ ಹೊಡತಕ್ಕ ಒಂದೀಟ ಜಗ್ಗತೈತಿ. ಹೆಡ್ ಬದಲಿ ಮಾಡೂಣ," ಅಂದರು. ಲಗ್ ಅಂದರೆ ಮುಚ್ಚಿದ ಬೋಲ್ಟನ್ನು ಹಿಡಿದಿಡುವ ಚಾಚು.

ಲೀ-ಎನ್‌ಫೀಲ್ಡ್ ಮಾದರಿಯಲ್ಲಿ (ನನ್ನದೂ ಅದೇ) ಬೋಲ್ಟ್ ಹೆಡ್, ಅಂದರೆ ಬೋಲ್ಟಿನ ಮುಂತುದಿ, ತಿರುಪಿನದು, ಉದ್ದನೆಯದನ್ನು ಕೂರಿಸಿದರೆ ಜಾಗ ಕಡಿಮೆಯಾಗುತ್ತದೆ. ನಂಬರ್ 4 ರೈಫಲಿಗಾದರೆ 0ಯಿಂದ 3ರವರೆಗೆ ನಂಬರ್ ಹೊಡೆದ ಹೆಡ್‌ಗಳಿವೆ. ನನ್ನದು ಅದಕ್ಕಿಂತ ಹಳೆಯ ಮಾದರಿ, ಹುಡುಕಿ ಹಚ್ಚಿ ನೋಡಬೇಕು. ಡಬ್ಬಿಯಿಂದ ತೆಗೆದ ಮೊದಲನೆಯದು ಬರೀ ಡಮ್ಮಿಗೂ ಮುಚ್ಚಲಿಲ್ಲ. ಎರಡನೆಯದು ಒಂದು ಪದರಕ್ಕೆ ಮುಚ್ಚಿತು, ಎರಡಕ್ಕೆ ನಿಂತಿತು. ಡಮ್ಮಿಗೆ ನನ್ನಲ್ಲಿದ್ದುದರಲ್ಲಿ ಅತಿ ದಪ್ಪ ಅಂಚಿನದನ್ನೇ ಆರಿಸಿದ್ದೆವು, ಹಾಗಾಗಿ ಉಳಿದವೂ ಕೂರುತ್ತವೆ.

ಜುಲೈ 13
ಮಳೆ ಬಿಡುವು ಕೊಟ್ಟ ಭಾನುವಾರ. ಉಸ್ತಾದರು ಬಂದೂಕನ್ನು ಮೇಜಿಗೆ ಕಟ್ಟಿ, ದೂರದಿಂದ ದಾರ ಎಳೆದು ಎರಡು ಹಾರಿಸಿದರು. ಖಾಲಿಗಳು ಇನ್ನೂ ಬೆಚ್ಚಗಿರುವಾಗಲೇ ತಂತಿ ತೂರಿಸಿದೆ. ತಳದಿಂದ ಬಾಯಿಯವರೆಗೆ ಎಲ್ಲೂ ತಡೆಯದೆ ಜಾರಿ ಬಂತು.