ದೆನಾರಿಯಸ್ ನಾಣ್ಯದ ಅಂಚು

ರೋಮನ್ ನಾಣ್ಯವೊಂದನ್ನು ಕೊಂಡರೆ ನಾನು ಮೊದಲು ಒಯ್ಯುವುದು ಕಾರವಾರದಲ್ಲಿ ನನಗೆ ಬಹುಕಾಲದಿಂದ ಪರಿಚಯವಿರುವ ಅಕ್ಕಸಾಲಿಗರೊಬ್ಬರ ಅಂಗಡಿಗೆ. ಹನ್ನೊಂದು ವರ್ಷಗಳ ಹಿಂದೆ ನಾಣ್ಯಮೇಳವೊಂದರಲ್ಲಿ ಕೊಂಡ ನನ್ನ ಮೊದಲ ದೆನಾರಿಯಸ್ಸನ್ನು, ಅಂದರೆ ರೋಮನ್ನರ ಬೆಳ್ಳಿ ನಾಣ್ಯವನ್ನು, ಮುಂದಿಟ್ಟಾಗ ಅವರು ಅಭ್ಯಾಸಬಲದಿಂದ ಒರೆಗಲ್ಲಿಗೆ ಕೈ ಹಾಕಿದರು. ಹಳೆಯ ನಾಣ್ಯದ ಮೈಯನ್ನು ಕಲ್ಲಿಗೆ ಉಜ್ಜಬಾರದೆಂದು ನಾನು ತಡೆದೆ. "ಹಾಗಾದರೆ ತೂಕವನ್ನೇ ನೋಡುವ, ಮಾಸ್ತರೇ" ಎಂದು ತಕ್ಕಡಿಯಲ್ಲಿಟ್ಟರು. 3.12 ಗ್ರಾಂ ಬಂತು.

ಅದು ಕ್ರಿ.ಶ. 14ರಿಂದ 37ರವರೆಗೆ ಆಳಿದ ಟಿಬೇರಿಯಸ್ ಚಕ್ರವರ್ತಿಯ ನಾಣ್ಯವೆಂದು ಮಾರಾಟವಾಗಿತ್ತು: ಒಂದು ಬದಿಯಲ್ಲಿ ಎಲೆಗಳ ಕಿರೀಟ ಧರಿಸಿದ ತಲೆ, ಇನ್ನೊಂದು ಬದಿಯಲ್ಲಿ ರೆಂಬೆ ಹಿಡಿದು ಕುಳಿತ ಸ್ತ್ರೀ. ನೀರೋ ಚಕ್ರವರ್ತಿ ಕ್ರಿ.ಶ. 64ರ ಸುಮಾರಿಗೆ ತೂಕವನ್ನೂ ಬೆಳ್ಳಿಯ ಶುದ್ಧತೆಯನ್ನೂ ಇಳಿಸುವುದಕ್ಕೆ ಮೊದಲಿನ ದೆನಾರಿಯಸ್ ಸಾಮಾನ್ಯವಾಗಿ 3.7 ಗ್ರಾಮಿನ ಆಸುಪಾಸು ತೂಗಬೇಕು. ಸವೆದ ನಾಣ್ಯ ಕಡಿಮೆ ತೂಗಿದರೆ ಅಚ್ಚರಿಯಿಲ್ಲ, ಆದರೆ ಮೂಗು, ಕಿವಿ, ಎಲೆಗಳ ಗೆರೆಗಳೆಲ್ಲ ಹೊಸದರಂತೆ ಉಳಿದಿರುವಾಗ ಅರ್ಧ ಗ್ರಾಂಗಿಂತ ಹೆಚ್ಚು ಬೆಳ್ಳಿ ಎಲ್ಲಿಂದ ಸವೆಯಿತು? ಭೂತಗನ್ನಡಿಯಲ್ಲಿ ಅಂಚನ್ನು ನೋಡಿದಾಗ ಸುತ್ತಲೂ ಅರದಿಂದ ಉಜ್ಜಿದ ಗೆರೆ ಕಂಡಿತು. ಅಚ್ಚೊತ್ತಿದ ನಾಣ್ಯದ ಅಂಚು ಸುತ್ತಿಗೆಯ ಪೆಟ್ಟಿಗೆ ಹೊರಕ್ಕೆ ಹರಡಿ ಅಲ್ಲಲ್ಲಿ ಬಿರಿದಿರುತ್ತದೆ. ಎರಕ ಹೊಯ್ದ ನಕಲಿಯಲ್ಲಾದರೋ ಎರಕದ ಎರಡು ಅರ್ಧಗಳು ಕೂಡಿದ ಗೆರೆಯನ್ನು ಅರದಿಂದ ಉಜ್ಜಿ ಅಳಿಸಬೇಕಾಗುತ್ತದೆ. ನೀರಿನಲ್ಲಿ ತೂಗಿ ಲೆಕ್ಕ ಹಾಕಿದಾಗ ಸಾಂದ್ರತೆ ನೀರಿನ 9.2 ಪಟ್ಟಿನ ಹತ್ತಿರ ಬಂತು. ಬೆಳ್ಳಿಗೆ 10.5, ತಾಮ್ರಕ್ಕೆ 8.9 ಇರಬೇಕು; ಅಂದರೆ ನನ್ನದು ನಕಲಿ. ಮಾರಿದವರು ಹಣ ಹಿಂತಿರುಗಿಸಲಿಲ್ಲ.

ಈಗ ನನ್ನಲ್ಲಿರುವ ಟಿಬೇರಿಯಸ್ ನಾಣ್ಯ ನೋಟಕ್ಕೆ ಸಾಧಾರಣವಾದದ್ದು. ಅಚ್ಚು ನಡುವಿಗೆ ಬಿದ್ದಿಲ್ಲ, ಕೆನ್ನೆ ಸವೆದಿದೆ, ಬಣ್ಣ ಮಾಸಿದೆ. ಆದರೆ ತೂಕ 3.64 ಗ್ರಾಂ, ಸಾಂದ್ರತೆ 10.4, ಅಂಚಿನಲ್ಲಿ ಎರಡು ಸಹಜ ಬಿರುಕುಗಳು, ಜೊತೆಗೆ ಹಿಂದಿನ ಸಂಗ್ರಾಹಕರ ಕೈಬರಹದ ಚೀಟಿ ಮತ್ತು ಹರಾಜಿನ ರಸೀದಿ. ಇದನ್ನೇ ನಾನು ಒಳ್ಳೆಯ ಖರೀದಿ ಎನ್ನುತ್ತೇನೆ. ಹೊಳಪಿಗಾಗಿ ಹೆಚ್ಚು ಬೆಲೆ ಕೊಡುವವರು, ಯಾರೋ ಈಚೆಗೆ ಉಜ್ಜಿ ತೊಳೆದದ್ದಕ್ಕೇ ಹಣ ಕೊಡುತ್ತಿದ್ದಾರೆಂದು ನನಗೆ ಅನಿಸುತ್ತದೆ.

ನಾಣ್ಯ ಯಾರ ಕೈಯಿಂದ ಬಂತೆಂದು ಹೇಳುವ ಆ ಚೀಟಿಗೆ ನಾನು ಇಷ್ಟು ಬೆಲೆ ಕೊಡುವುದಕ್ಕೆ ನಮ್ಮ ನೆಲದ ಕಾರಣವೂ ಇದೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಆಗಸ್ಟಸ್ ಮತ್ತು ಟಿಬೇರಿಯಸರ ದೆನಾರಿಯಸ್‌ಗಳು ಸಿಕ್ಕಿವೆ; ಶಿರಸಿಯಿಂದ ಹೆಚ್ಚು ದೂರವಿಲ್ಲದ ಅಕ್ಕಿಆಲೂರಿನಲ್ಲಿ ಬೈಜಾಂಟಿಯಂ (ಪೂರ್ವ ರೋಮನ್ ಸಾಮ್ರಾಜ್ಯ) ಕಾಲದ ಚಿನ್ನದ ನಾಣ್ಯಗಳೇ ಸಿಕ್ಕಿವೆ. ಹೀಗಿರುವಾಗ "ಬನವಾಸಿ ಕಡೆಯ ಗದ್ದೆಯಲ್ಲಿ ಸಿಕ್ಕಿದ್ದು" ಎಂದು ಯಾರಾದರೂ ಪಿಸುಗುಟ್ಟಿದರೆ ಆ ಮಾತು ನಂಬುವಂತೆಯೇ ಕೇಳಿಸುತ್ತದೆ. ಆ ಮಾತು ಸುಳ್ಳಾದರೆ ನಾಣ್ಯವೂ ನಕಲಿಯಿರಬಹುದು. ನಿಜವಾದರೆ ಕರ್ನಾಟಕದ 1962ರ ನಿಧಿ ಕಾಯ್ದೆಯಂತೆ ಅದನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕು, ಸಿಕ್ಕ ಜಾಗದ ವಿವರ ಇತಿಹಾಸಕ್ಕೆ ದಕ್ಕಬೇಕು. ಎರಡರಲ್ಲಿ ಯಾವುದಾದರೂ ನಾನು ಕೊಳ್ಳುವುದಿಲ್ಲ.

ಕರಾವಳಿಯವರಿಗೆ ಇನ್ನೊಂದು ಎಚ್ಚರವಿದೆ. ನಾಲ್ಕನೆಯ ಶತಮಾನದ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಕಾಲದ ಕಂಚಿನ ಸಣ್ಣ ನಾಣ್ಯಗಳು ಅಗ್ಗವಾಗಿ ದೊರೆಯುತ್ತವೆ. ಇಬ್ಬರು ಸೈನಿಕರು ಧ್ವಜದ ಬದಿಗೆ ನಿಂತಿರುವ ಮಾದರಿ ಆರಂಭಿಸುವವರಿಗೆ ತಕ್ಕದ್ದು. ಆದರೆ ಮೈಮೇಲೆ ಪುಡಿಪುಡಿಯಾದ ತಿಳಿಹಸಿರು ಚುಕ್ಕೆ ಕಂಡರೆ ಅದು ಕ್ಲೋರೈಡಿನಿಂದ ಬರುವ ಕಂಚಿನ ರೋಗ, ತೇವ ಸಿಕ್ಕರೆ ಒಳಗೊಳಗೇ ಲೋಹವನ್ನು ತಿನ್ನುತ್ತದೆ. ಗಟ್ಟಿಯಾದ ನಯವಾದ ಹಸಿರು ಪದರ ಬೇರೆ, ಅದಕ್ಕೆ ಹೆದರಬೇಕಿಲ್ಲ; ಬೆಂಕಿಕಡ್ಡಿಯ ತುದಿ ತಾಗಿಸಿದರೆ ಉದುರುವ ಹಸಿರಿರುವ ನಾಣ್ಯವನ್ನು ಮಾತ್ರ ಕೊಳ್ಳದೆ ಬಿಡಬೇಕು. ಕಾರವಾರದ ಮಳೆಗಾಲದ ಉಪ್ಪುಗಾಳಿಗೆ ನನ್ನ ಮೂರು ನಾಣ್ಯಗಳು ಹೀಗೆ ಹೋಗಿವೆ. ಈಗ ಉಳಿದವನ್ನು ಬಿಗಿಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಟ್ಟು, ಜೂನ್ ತಿಂಗಳಿಗೆ ಮೊದಲೇ ಪೊಟ್ಟಣ ಬದಲಿಸುತ್ತೇನೆ.