ಭಾನುವಾರ ಬೆಳಿಗ್ಗೆ, ಬಾನೆಟ್ ಸುತ್ತ

ಪೆಟ್ರೋಲ್ ಪೈಪು ನನ್ನ ಕೈಯಲ್ಲೇ ಮುರಿಯಿತು. ಕಾರಿನ ಯಜಮಾನರು, ನಮ್ಮ ಗುಂಪಿನ ಹಿರಿಯರು, ಸ್ವಲ್ಪ ಬಗ್ಗಿಸಿ ನೋಡು ಅಂದರು, ಬಗ್ಗಿಸಿದೆ, ಒಣಗಿದ ಹುಣಸೆಕಾಯಿ ಸಿಪ್ಪೆಯ ಹಾಗೆ ಲಟಕ್ ಅಂತ ಎರಡು ತುಂಡಾಯಿತು. ಒಳಗಡೆ ರಬ್ಬರ್ ಪೂರ್ತಿ ಸೀಳು ಬಿಟ್ಟಿತ್ತು. ಬೆರಳಿಗೆ ಕಪ್ಪು ಮಸಿ ಅಂಟಿಕೊಂಡಿತು. ಇದೇ ಪೈಪಿಟ್ಟುಕೊಂಡು ಅವರು ಅವತ್ತು ಬೆಳಿಗ್ಗೆ ನಲವತ್ತು ಮೈಲಿ ಓಡಿಸಿಕೊಂಡು ಬಂದಿದ್ದರು. ಬಿಸಿ ಎಂಜಿನ್ ಪಕ್ಕದಲ್ಲೇ ಹಾದುಹೋಗುವ ಪೈಪು. ನೆನೆಸಿಕೊಂಡರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಇದು ನಡೆದದ್ದು 2025ರ ಡಿಸೆಂಬರ್ ಮೊದಲ ಭಾನುವಾರ, ಇಂಗ್ಲೆಂಡಿನ ಕೊವೆಂಟ್ರಿ ಹತ್ತಿರದ ಒಂದು ರಸ್ತೆ ಬದಿ ಕೆಫೆಯ ಪಾರ್ಕಿಂಗ್‌ನಲ್ಲಿ. ತಿಂಗಳಿಗೊಮ್ಮೆ ಅಲ್ಲಿ ನಾವು ಹತ್ತು ಹನ್ನೆರಡು ಜನ ಸೇರುತ್ತೇವೆ. ಎಲ್ಲರದೂ ಕಿಟ್ ಕಾರು. ಅಂದರೆ ಷೋರೂಮಿನಿಂದ ತಂದದ್ದಲ್ಲ. ಚಾಸಿ ಒಂದು ಕಡೆಯಿಂದ, ಎಂಜಿನ್ನು ಇನ್ನೊಂದು ಕಡೆಯಿಂದ ತಂದು, ಮನೆಯ ಗ್ಯಾರೇಜಿನಲ್ಲಿ ತಾವೇ ಜೋಡಿಸಿ, ಸರ್ಕಾರದ ಪರೀಕ್ಷೆ ಪಾಸು ಮಾಡಿಸಿ ರಸ್ತೆಗೆ ಇಳಿಸಿದ ಕಾರುಗಳು. ನನ್ನದು ಇನ್ನೂ ಇಳಿದಿಲ್ಲ. ಆದರೂ ಎರಡು ವರ್ಷದಿಂದ ಒಂದು ತಿಂಗಳೂ ತಪ್ಪಿಸಿಲ್ಲ.

ಈ ಇಂಗ್ಲೆಂಡಿನಲ್ಲಿ ಇಷ್ಟು ಜನ ಕಾರು ಕಟ್ಟುತ್ತಾರಲ್ಲ, ಇದು ಶುರುವಾದದ್ದು ತೆರಿಗೆಯಿಂದ. 1957ರಲ್ಲಿ ಲೋಟಸ್ ಕಂಪನಿಯ ಕಾಲಿನ್ ಚಾಪ್‌ಮನ್ 'ಸೆವೆನ್' ಅನ್ನೋ ಕಾರು ತಂದರು. ಛಾವಣಿ ಇಲ್ಲ, ಬಾಗಿಲಿಲ್ಲ, ಮುಂದೆ ಉದ್ದ ಮೂಗು, ಎರಡೇ ಸೀಟು. ಪೂರ್ತಿ ಕಾರು ಕೊಂಡರೆ ಆಗ ಪರ್ಚೇಸ್ ಟ್ಯಾಕ್ಸ್ ಕಟ್ಟಬೇಕಿತ್ತು, ಬಿಡಿ ಭಾಗ ಕೊಂಡು ಮನೆಯಲ್ಲಿ ಜೋಡಿಸಿಕೊಂಡರೆ ಆ ತೆರಿಗೆ ಇರಲಿಲ್ಲ. ಜೋಡಿಸುವ ವಿಧಾನ ಬರೆದು ಕೊಡುವ ಹಾಗಿಲ್ಲ ಅಂತ ನಿಯಮ ಇದ್ದದ್ದಕ್ಕೆ ಚಾಪ್‌ಮನ್ ಬಿಚ್ಚುವ ವಿಧಾನ ಬರೆದು ಕೊಟ್ಟರು, ಜನ ಅದನ್ನು ಹಿಂದಿನಿಂದ ಓದಿಕೊಂಡು ಕಟ್ಟಿದರು ಅಂತ ಇಲ್ಲಿ ಎಲ್ಲರೂ ಹೇಳುತ್ತಾರೆ. 1973ರಲ್ಲಿ ಬ್ರಿಟನ್ ಯುರೋಪಿನ ಆರ್ಥಿಕ ಸಮುದಾಯ ಸೇರಿ ವ್ಯಾಟ್ ಬಂದಾಗ ಆ ಲಾಭ ಹೋಯಿತು. ಅದೇ ವರ್ಷ ಕೇಟರ್‌ಹ್ಯಾಮ್ ಕಂಪನಿ ಸೆವೆನ್‌ನ ಹಕ್ಕು ತೆಗೆದುಕೊಂಡಿತು, ಇವತ್ತಿಗೂ ಮಾಡುತ್ತಿದೆ. ತೆರಿಗೆ ಲಾಭ ಹೋದರೂ ಕಟ್ಟುವ ಚಟ ಹೋಗಲಿಲ್ಲ ನೋಡಿ. 1990ರ ದಶಕದಲ್ಲಿ ರಾನ್ ಚಾಂಪಿಯನ್ ಅನ್ನೋ ಮೇಷ್ಟ್ರು 250 ಪೌಂಡಿನಲ್ಲಿ ಸ್ಪೋರ್ಟ್ಸ್ ಕಾರು ಕಟ್ಟುವುದು ಹೇಗೆ ಅಂತ ಪುಸ್ತಕವನ್ನೇ ಬರೆದರು. ಅದನ್ನು ಇಟ್ಟುಕೊಂಡು ಕಬ್ಬಿಣದ ಚೌಕ ಪೈಪು ಕತ್ತರಿಸಿ ವೆಲ್ಡಿಂಗ್ ಕಲಿತವರು ನಮ್ಮ ಗುಂಪಿನಲ್ಲೇ ಇಬ್ಬರಿದ್ದಾರೆ.

ನನಗೆ ಇದು ಪೂರ್ತಿ ಹೊಸದೂ ಅಲ್ಲ. ಸಕಲೇಶಪುರದ ಕಡೆ ಹಳೇ ಜೀಪುಗಳನ್ನು ನೋಡಿದವರಿಗೆ ಗೊತ್ತಿರುತ್ತೆ, ಬಾಡಿ ಒಂದು ಕಾಲದ್ದು, ಎಂಜಿನ್ನು ಇನ್ನೊಂದು ಕಾಲದ್ದು. ಶಿವಾಜಿನಗರದ ಗುಜರಿಯಲ್ಲಿ ಹುಡುಕಿ ತಂದ ಗೇರ್‌ಬಾಕ್ಸು. ಆದರೆ ಊರಿನಲ್ಲಿ ಈಗ ಹಾಗೆ ಮಾಡೋದು ಕಷ್ಟ. ಕಂಪನಿ ಕೊಟ್ಟ ವಿನ್ಯಾಸ ಬದಲಾಯಿಸಬಾರದು ಅಂತ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ, 2019ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಗಟ್ಟಿಯಾಗಿ ಹೇಳಿತು. ಇಲ್ಲಿ ಹಾಗಲ್ಲ, ಮನೆಯಲ್ಲಿ ಕಟ್ಟಿದ ಒಂದೇ ಒಂದು ಕಾರಿಗೂ ಪರೀಕ್ಷೆ ಕೊಟ್ಟು ನಂಬರ್ ಪ್ಲೇಟ್ ತೆಗೆದುಕೊಳ್ಳುವ ದಾರಿ ಇದೆ. ನನಗೆ ಈ ದೇಶದಲ್ಲಿ ತುಂಬಾ ಇಷ್ಟವಾದ ಸಂಗತಿಗಳಲ್ಲಿ ಇದೂ ಒಂದು. ನಿನ್ನ ಕೈಕೆಲಸವನ್ನು ನಂಬುತ್ತೇವೆ, ಆದರೆ ತಂದು ತೋರಿಸು ಅನ್ನುವ ಮಾತು ಅದು.

ಆ ಪರೀಕ್ಷೆ ಸುಲಭದ್ದಲ್ಲ. ಐವಿಎ ಅಂತಾರೆ. ಬ್ರೇಕು, ಹೊಗೆ, ಶಬ್ದ, ಹೆಡ್‌ಲೈಟು, ಸ್ಪೀಡೋಮೀಟರ್, ಕನ್ನಡಿ ಎಲ್ಲ ನೋಡುತ್ತಾರೆ. ಹೊರಗೆ ಚಾಚಿಕೊಂಡ ಅಂಚುಗಳು ಕನಿಷ್ಠ 2.5 ಮಿಲಿಮೀಟರ್ ದುಂಡಗಿರಬೇಕು, ಯಾಕೆಂದರೆ ಯಾರಾದರೂ ನಡೆದು ಹೋಗುವವರಿಗೆ ತಾಗಿದರೆ ಚರ್ಮ ಸೀಳಬಾರದು. ಆದ್ದರಿಂದ ನಟ್ಟು ಬೋಲ್ಟುಗಳಿಗೆಲ್ಲ ಪ್ಲಾಸ್ಟಿಕ್ ಟೋಪಿ ಹಾಕುತ್ತೇವೆ. ಸ್ಟೀರಿಂಗ್ ತಿರುಗಿಸಿ ಬಿಟ್ಟರೆ ತಾನಾಗಿಯೇ ನೆಟ್ಟಗಾಗುವ ಕಡೆಗೆ ಬರಬೇಕು. ಈ ಹಗುರ ಕಾರುಗಳಲ್ಲಿ ಜಾಸ್ತಿ ಜನ ಒದ್ದಾಡೋದು ಅಲ್ಲೇ.

ನನ್ನ ಕಾರಿಗೆ ಭಾಗಗಳನ್ನು ಬಿಚ್ಚಿಕೊಳ್ಳಲು ನಾನು ತಂದದ್ದು 2001ರ ಮಾಜ್ದಾ ಎಂಎಕ್ಸ್-5. ಹಿಂದಿನ ಚಕ್ರದ ಮುಂದೆ ಬಾಗಿಲ ಕೆಳಗಡೆ ಪೂರ್ತಿ ತುಕ್ಕು, ಒಳಗಿನ ಯಂತ್ರ ಮಾತ್ರ ಗಟ್ಟಿಮುಟ್ಟು. ಈ ಕಾರಿನ ಸ್ವಭಾವವೇ ಹಾಗೆ. ಎಂಜಿನ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್, ವೈರಿಂಗ್ ಇಟ್ಟುಕೊಂಡು ಬಾಗಿಲು, ಸೀಟು, ಟಾಪು ಎಲ್ಲ ಮಾರಿದೆ. ಹೋದ ಚಳಿಗಾಲ ಪೂರ್ತಿ ವೈರಿಂಗ್ ಬಿಡಿಸೋದರಲ್ಲೇ ಕಳೆಯಿತು. ಮನೆಯ ಹಾಲ್‌ನ ನೆಲದ ಮೇಲೆ ಹಳೇ ಬೆಡ್‌ಶೀಟ್ ಹಾಸಿ, ಆ ದೊಡ್ಡ ಗಂಟನ್ನು ಇಟ್ಟುಕೊಂಡು, ಒಂದೊಂದೇ ವೈರಿಗೆ ಬಿಳಿ ಟೇಪು ಸುತ್ತಿ ಕನ್ನಡದಲ್ಲಿ ಹೆಸರು ಬರೆದೆ. 'ಎಡ ಇಂಡಿಕೇಟರ್', 'ಹಾರ್ನು', 'ಬೇಡ'. ಮಗಳು ಶಾಲೆಯಿಂದ ಬಂದು 'ಬೇಡ' ಅಂತ ಬರೆದವನ್ನೆಲ್ಲ ಹೆಕ್ಕಿ ಬೇರೆ ಡಬ್ಬಿಗೆ ಹಾಕುತ್ತಿದ್ದಳು. ಅವಳು ಕನ್ನಡ ಓದಲು ಗಟ್ಟಿಯಾಗಿ ಕಲಿತದ್ದು ಆ ಟೇಪುಗಳಲ್ಲಿ.

ಈಗ ಪೈಪಿನ ವಿಷಯಕ್ಕೆ ಬರುತ್ತೇನೆ. 2021ರ ಸೆಪ್ಟೆಂಬರ್‌ನಿಂದ ಇಲ್ಲಿ ಬಂಕಿನಲ್ಲಿ ಸಾಮಾನ್ಯ ಪೆಟ್ರೋಲ್ ಅಂದರೆ ಇ10. ಶೇಕಡಾ 10ರವರೆಗೆ ಎಥನಾಲ್ ಇರುತ್ತದೆ. ಹೊಸ ಕಾರಿಗೆ ಏನೂ ಆಗಲ್ಲ. ಹಳೇ ರಬ್ಬರ್ ಪೈಪು, ಕಾರ್ಬುರೇಟರ್ ಒಳಗಿನ ವಾಷರು, ಇವಕ್ಕೆ ಅದು ಒಗ್ಗಲ್ಲ. ತೇವಾಂಶವನ್ನೂ ಎಳೆದುಕೊಳ್ಳುತ್ತದೆ, ತಿಂಗಳುಗಟ್ಟಲೆ ನಿಂತ ಕಾರಿನ ಟ್ಯಾಂಕಿಗೆ ಅದು ಒಳ್ಳೆಯದಲ್ಲ. ಪೈಪು ಮುರಿದದ್ದು ಗುಂಪಿನ ಹಿರಿಯರ ಹಸಿರು ಕಾರಿನದು. ವಯಸ್ಸು ಎಪ್ಪತ್ತೆರಡು. ಫೋರ್ಡ್ ಸಿಯೆರಾ ಎಂಜಿನ್ ಹಾಕಿ ತೊಂಬತ್ತರ ದಶಕದಲ್ಲಿ ಕಟ್ಟಿದ್ದು. "ಇದಕ್ಕೆ ಸರ್ಕಾರವೇ ಹೊಣೆ, ಜೋಳ ಕಬ್ಬೆಲ್ಲ ತಂದು ಪೆಟ್ರೋಲಿಗೆ ಸುರಿದರು" ಅಂದರು ಬೇಸರದಿಂದ.

ಆಗ ನಾನು ಊರಿನ ವಿಷಯ ಹೇಳಿದೆ. ನಮ್ಮಲ್ಲಿ ಈಗ ಶೇಕಡಾ 20, ನಿಮ್ಮ ಎರಡರಷ್ಟು, 2030ಕ್ಕೆ ಅಂತ ಮೊದಲು ಹಾಕಿಕೊಂಡಿದ್ದ ಗುರಿಯನ್ನು 2025ರಲ್ಲೇ ಮುಟ್ಟಿಬಿಟ್ಟಿದ್ದಾರೆ ಅಂದೆ. ಮೈಲೇಜ್ ಬರ್ತಿಲ್ಲ ಅಂತ ಗಾಡಿ ಇಟ್ಟವರೆಲ್ಲ ಬೈಯುತ್ತಿದ್ದಾರೆ. ಆದರೆ ನಮ್ಮ ಭಾವ ಪಾಂಡವಪುರದ ಹತ್ತಿರ ಕಬ್ಬು ಬೆಳೆಯುತ್ತಾರೆ. ಅವರಿಗೆ ಎಥನಾಲ್ ಅಂದರೆ ಕಾರ್ಖಾನೆಗೆ ದುಡ್ಡು ಬರುವ ಇನ್ನೊಂದು ದಾರಿ, ಅಂದರೆ ತಮ್ಮ ಕಬ್ಬಿನ ಬಾಕಿ ಬೇಗ ಕೈಗೆ ಸಿಗುವ ಆಸೆ. ನವೆಂಬರ್‌ನಲ್ಲಿ ಬೆಳಗಾವಿ ಕಡೆ ರೈತರು ಟನ್ನಿಗೆ 3,500 ರೂಪಾಯಿ ಬೇಕು ಅಂತ ರಸ್ತೆಗೆ ಇಳಿದಿದ್ದರಲ್ಲ, ಅದನ್ನೂ ಹೇಳಿದೆ. ಹಿರಿಯರು ಮುರಿದ ಪೈಪನ್ನು ತಿರುಗಿಸಿ ತಿರುಗಿಸಿ ನೋಡಿದರು. "ಟನ್ನಿಗೆ ಅಂದರೆ ನಮ್ಮ ದುಡ್ಡಲ್ಲಿ ಎಷ್ಟು?" ಅಂತ ಕೇಳಿದರು. ಮೂವತ್ತು ಪೌಂಡಿಗೆ ಹತ್ತಿರ ಅಂದೆ. ಒಂದು ಟನ್ ಕಬ್ಬು ಕಡಿದು ಹೊರಲು ಎಷ್ಟು ಜನ ಬೇಕು ಅಂತ ಕೇಳಿದರು. ಆಮೇಲೆ ಸರ್ಕಾರದ ಮಾತು ಎತ್ತಲಿಲ್ಲ.

ನನಗೆ ಈ ಜಾಗ ಇಷ್ಟವಾಗೋದು ಇದಕ್ಕೇ. ಟಿವಿಯಲ್ಲಿ ಈ ವಿಷಯಗಳನ್ನೇ ಮಾತಾಡುತ್ತಾರೆ, ಆದರೆ ಅಲ್ಲಿ ಯಾರ ಕೈಯಲ್ಲೂ ಪೈಪು ಇರಲ್ಲ. ಇಲ್ಲಿ ಸುದ್ದಿ ಕಾರಿನ ಯಾವುದೋ ಒಂದು ಭಾಗದಿಂದ ಬರುತ್ತದೆ. ಅದನ್ನು ರಿಪೇರಿ ಮಾಡುವಷ್ಟು ಹೊತ್ತು ಜಗಳ ಆಡಿದರೂ ಎದ್ದು ಹೋಗುವ ಹಾಗಿಲ್ಲ, ಯಾಕೆಂದರೆ ಟಾರ್ಚು ಯಾರಾದರೂ ಹಿಡಿಯಲೇಬೇಕಲ್ವಾ?

ಅವತ್ತು ಟಾರ್ಚು ಹಿಡಿದದ್ದು ನಮ್ಮ ಗುಂಪಿನ ನಿವೃತ್ತ ನರ್ಸಮ್ಮ. ಅವರದು ಕೆಂಪು ಕಾರು, ಯಜಮಾನರ ಜೊತೆ ಸೇರಿ ಕಟ್ಟಿದ್ದು, ಅವರು ತೀರಿಕೊಂಡ ಮೇಲೂ ಇಟ್ಟುಕೊಂಡಿದ್ದಾರೆ. ಇವರಿಗೂ ಹಸಿರು ಕಾರಿನ ಹಿರಿಯರಿಗೂ ಲಂಡನ್ನಿನ ಯುಲೆಝ್ ವಿಷಯದಲ್ಲಿ ಯಾವತ್ತೂ ಸರಿಬಂದಿಲ್ಲ. ಹೊಗೆ ಜಾಸ್ತಿ ಬಿಡುವ ವಾಹನ ಒಳಗೆ ಬಂದರೆ ದಿನಕ್ಕೆ 12.50 ಪೌಂಡ್ ಕಟ್ಟಬೇಕು, ಅದೇ ಯುಲೆಝ್. 2023ರ ಆಗಸ್ಟ್ 29ರಿಂದ ಪೂರ್ತಿ ಲಂಡನ್ನಿಗೆ ಬಂತು. ಹಿರಿಯರ ತಂಗಿ ಇರೋದು ಕ್ರಾಯ್ಡನ್‌ನಲ್ಲಿ. ಅಲ್ಲಿಗೆ ತಮ್ಮ ಕಾರಿನಲ್ಲಿ ಹೋದ ದಿನವೆಲ್ಲ ದುಡ್ಡು. "ನಾನು ವರ್ಷಕ್ಕೆ ಓಡಿಸೋದೇ ಸಾವಿರ ಮೈಲಿ, ನನ್ನಿಂದ ಎಷ್ಟು ಹೊಗೆ ಬಂದೀತು?" ಅನ್ನೋದು ಅವರ ವಾದ. ಅದರಲ್ಲಿ ಅರ್ಥ ಇದೆ.

ನರ್ಸಮ್ಮ ಟಾರ್ಚನ್ನು ಅಲ್ಲಾಡಿಸದೆ ಹೇಳಿದರು, "ನಾನು ಮಕ್ಕಳ ವಾರ್ಡಿನಲ್ಲಿ ಇದ್ದವಳು. ಉಸಿರು ಎಳೆಯೋಕೆ ಆಗದ ಮಗುವಿನ ಪಕ್ಕೆ ಹೇಗೆ ಒಳಗೆ ಹೋಗುತ್ತೆ ಅಂತ ನೀವು ನೋಡಿಲ್ಲ." ಆಮೇಲೆ ಎಲ್ಲಾ ಅಡೂ-ಕಿಸ್ಸಿ-ಡೆಬ್ರಾ ಹೆಸರು ತೆಗೆದರು. ಎಲ್ಲಾ ಅನ್ನೋದು ಮಗುವಿನ ಹೆಸರು. ಲಂಡನ್ನಿನ ಲೂಯಿಶಮ್‌ನಲ್ಲಿ ದೊಡ್ಡ ರಸ್ತೆ ಹತ್ತಿರ ಇದ್ದ ಹುಡುಗಿ, ಅಸ್ತಮಾ, 2013ರಲ್ಲಿ ಒಂಬತ್ತನೇ ವಯಸ್ಸಿಗೆ ತೀರಿಹೋದಳು. ಅವಳ ಸಾವಿಗೆ ಗಾಳಿಯ ಮಾಲಿನ್ಯವೂ ಕಾರಣ ಅಂತ 2020ರ ಡಿಸೆಂಬರ್‌ನಲ್ಲಿ ಕರೋನರ್, ಅಂದರೆ ಸಾವಿನ ಕಾರಣ ವಿಚಾರಿಸುವ ಅಧಿಕಾರಿ, ತೀರ್ಪು ಕೊಟ್ಟರು. ಆ ತಾಯಿ ಏಳು ವರ್ಷ ಹೋರಾಡಿದ ಮೇಲೆ. ಇದನ್ನು ಕೇಳಿದ ಮೇಲೆ 12.50 ಪೌಂಡು ದೊಡ್ಡದು ಅಂತ ನನಗೆ ಅನ್ನಿಸಲ್ಲ. ನಾನು ಈ ವಿಷಯದಲ್ಲಿ ನರ್ಸಮ್ಮನ ಕಡೆ. ಹಿರಿಯರಿಗೂ ಹೇಳಿದ್ದೇನೆ.

ಇಲ್ಲಿನ ಬಜೆಟ್ ಬಂದು ಎರಡು ವಾರ ಕೂಡ ಆಗಿರಲಿಲ್ಲ. 2028ರ ಏಪ್ರಿಲ್‌ನಿಂದ ಎಲೆಕ್ಟ್ರಿಕ್ ಕಾರಿಗೆ ಮೈಲಿಗೆ 3 ಪೆನ್ಸ್ ತೆರಿಗೆ ಅಂತ ಹೇಳಿದ್ದಾರೆ. ನಮ್ಮಲ್ಲಿ ಒಬ್ಬ ಹುಡುಗ ನಿಸ್ಸಾನ್ ಲೀಫ್‌ನ ಮೋಟರ್, ಬ್ಯಾಟರಿ ಹಾಕಿ ಕಟ್ಟುತ್ತಿದ್ದಾನೆ, ಅವನ ಮುಖ ಬಾಡಿತ್ತು. ಪೆಟ್ರೋಲ್ ಹಾಕುವವರು ಲೀಟರಿಗೆ ತೆರಿಗೆ ಕಟ್ಟುತ್ತಾರೆ, ರಸ್ತೆ ಎಲ್ಲರದೂ, ನೀನೂ ಸ್ವಲ್ಪ ಕೊಡಬೇಕಪ್ಪ ಅಂತ ಒಬ್ಬರು ಸಮಾಧಾನ ಹೇಳಿದರು. ಅವನಿಗೆ ನಾನು ಬೆಂಗಳೂರಿನ ರೇವಾ ಕಥೆ ಹೇಳಿದೆ. ಬೊಮ್ಮಸಂದ್ರದಲ್ಲಿ ಮಾಡಿದ ಪುಟ್ಟ ಎಲೆಕ್ಟ್ರಿಕ್ ಕಾರು, 2001ರಲ್ಲಿ ನಮ್ಮಲ್ಲಿ ಬಂತು, ಆಮೇಲೆ ಲಂಡನ್ನಿನಲ್ಲಿ ಜಿ-ವಿಝ್ ಅಂತ ಓಡಾಡಿತು. ಜಿ-ವಿಝ್ ಅವನಿಗೆ ಗೊತ್ತಿತ್ತು, ಅದು ನಮ್ಮೂರಿನದು ಅಂತ ಗೊತ್ತಿರಲಿಲ್ಲ. ಹೇಳುವಾಗ ನನಗೆ ನಿಜಕ್ಕೂ ಹೆಮ್ಮೆ ಆಯಿತು.

ಎಲ್ಲರಿಗಿಂತ ಸುಮ್ನೆ ನಿಂತಿದ್ದವರು ಇನ್ನೊಬ್ಬರು, ಕಾರಿನ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆಯಲ್ಲಿ ಕೆಲಸ ಮಾಡುವವರು. ಸೆಪ್ಟೆಂಬರ್‌ನಲ್ಲಿ ಜಾಗ್ವಾರ್ ಲ್ಯಾಂಡ್ ರೋವರ್ ಮೇಲೆ ಸೈಬರ್ ದಾಳಿ ಆಗಿ ಸುಮಾರು ಐದು ವಾರ ಉತ್ಪಾದನೆ ನಿಂತಿತ್ತು. ಟಾಟಾದವರದು ಅಂತ ನಮ್ಮ ಕಡೆಯ ಪತ್ರಿಕೆಗಳಲ್ಲೂ ಬಂದಿತ್ತು. ಅಲ್ಲಿಗೆ ಮಾಲು ಕೊಡುವ ಇಂಥ ಸಣ್ಣ ಕಾರ್ಖಾನೆಗಳು ಈ ಸುತ್ತಮುತ್ತ ತುಂಬಾ ಇವೆ. ಇವರಿಗೆ ಆ ವಾರಗಳಲ್ಲಿ ಶಿಫ್ಟೇ ಇರಲಿಲ್ಲ. ಅರ್ಧ ಕಟ್ಟಿದ ಕಾರನ್ನು ಮಾರಬೇಕು ಅಂತ ಅಕ್ಟೋಬರ್‌ನಲ್ಲಿ ಹೇಳಿದ್ದರು. ಆಗ ಯಾರೂ ಬೆಲೆ ಕಟ್ಟಲಿಲ್ಲ. ಒಬ್ಬರು ಅವರಿಗೆ ಬೇಕಿದ್ದ ರೇಡಿಯೇಟರ್ ತಂದು ಕೊಟ್ಟು, ಆದಾಗ ಕೊಡಿ ಅಂದರು. ಡಿಸೆಂಬರ್‌ಗೆ ಮಾರುವ ಮಾತು ಹೋಗಿತ್ತು. ಆ ಬಗ್ಗೆ ಯಾರೂ ಕೇಳಲೂ ಇಲ್ಲ, ರೇಡಿಯೇಟರಿಗೆ ಬ್ರಾಕೆಟ್ ಎಲ್ಲಿ ಕೂರಿಸಿದ್ರಿ ಅಂತ ಮಾತ್ರ ಕೇಳಿದರು.

ಇಷ್ಟೆಲ್ಲ ಮಾತಾಡುವಾಗ ನಾವು ಪೈಪು ಬದಲಾಯಿಸುತ್ತಿದ್ದೆವು. ನನ್ನ ಕಾರಿಗೆ ಅಂತ ತಂದ ಹೊಸ ಪೈಪು ಡಿಕ್ಕಿಯಲ್ಲೇ ಇತ್ತು, ಎರಡು ಮೀಟರ್. ಮೇಲೆ ಆರ್9 ಅಂತ ಅಚ್ಚಾಗಿರುತ್ತದೆ, ಎಥನಾಲ್ ತಡೆಯುವ ಪೈಪು ಅಂತ ಗುರುತು. ಹಳೇ ಕಾರು ಇಟ್ಟವರು ದಯವಿಟ್ಟು ಅದನ್ನೇ ಕೇಳಿ ತಗೊಳ್ಳಿ. ಬ್ಯಾಟರಿ ವೈರು ಮೊದಲು ಬಿಚ್ಚಿ, ಎಂಜಿನ್ನು ಪೂರ್ತಿ ತಣ್ಣಗಾಗಲು ಬಿಟ್ಟು, ಕೆಳಗೆ ಡಬ್ಬಿ ಇಟ್ಟು, ಉಳಿದ ಪೆಟ್ರೋಲ್ ಇಳಿಸಿಕೊಂಡೆವು. ಚಳಿಗೆ ಬೆರಳು ಮರಗಟ್ಟಿತ್ತು. ಹೊಸ ಪೈಪಿನ ಬಾಯಿ ಗಟ್ಟಿ, ಕಾರ್ಬುರೇಟರಿನ ಮೂತಿಗೆ ಹೋಗುತ್ತಲೇ ಇರಲಿಲ್ಲ. ಕೆಫೆಯಿಂದ ಒಂದು ಮಗ್ಗು ಬಿಸಿನೀರು ತಂದು ಪೈಪಿನ ತುದಿಯನ್ನು ಅದರಲ್ಲಿ ಅದ್ದಿ ಮೆತ್ತಗೆ ಮಾಡಿಕೊಂಡು, ಒರೆಸಿ ತಿರುಗಿಸುತ್ತಾ ತಳ್ಳಿದೆ, ಕೂತಿತು. ಕ್ಲಿಪ್ಪು ಜಾಸ್ತಿ ಬಿಗಿ ಮಾಡಬೇಡ, ರಬ್ಬರ್ ಕತ್ತರಿಸುತ್ತೆ ಅಂತ ಹಿರಿಯರು ಮೂರು ಸಲ ಹೇಳಿದರು.

ಎಂಜಿನ್ ಚಾಲೂ ಮಾಡಿ ಹತ್ತು ನಿಮಿಷ ಬಿಟ್ಟೆವು. ನರ್ಸಮ್ಮ ಬಗ್ಗಿ, ಪ್ರತಿ ಕ್ಲಿಪ್ಪಿನ ಮೇಲೂ ಟಾರ್ಚು ಹಾಯಿಸಿದರು. ಕೆಳಗೆ ಒಣ ಕಾಗದ ಇಟ್ಟು ತೆಗೆದು ನೋಡಿದರು. ಮೂಗು ಹತ್ತಿರ ತಂದು ವಾಸನೆ ನೋಡಿದರು.

"ಹನಿ ಇಲ್ಲ. ಹೊರಡಿ, ಕತ್ತಲಾಗೋ ಮುಂಚೆ ಮನೆ ಸೇರಿಕೊಳ್ಳಿ. ತಲುಪಿದ ಮೇಲೆ ನನಗೊಂದು ಮೆಸೇಜ್ ಹಾಕಿ" ಅಂದರು.

ನಾಲ್ಕೂವರೆಗೆ ಗುಂಪಿಗೆ ಫೋಟೊ ಬಂತು. ಹಸಿರು ಕಾರು, ಗ್ಯಾರೇಜಿನೊಳಗೆ, ಬಾನೆಟ್ ತೆಗೆದಿತ್ತು, ಕೆಳಗೆ ಬಿಳಿ ಕಾಗದ ಹಾಸಿತ್ತು. ಒಂದೂ ಕಲೆ ಇರಲಿಲ್ಲ.